ಹನ್ನೆರಡೂವರೆ

ಮೀಟರಿನ ಮುಳ್ಳು ಹನ್ನೆರಡೂವರೆಗೆ ನಿಂತಿತ್ತು.
"ನೋಡ್ರಿ, ತುಂಬಿದ ಬ್ಯಾಟ್ರಿ" ಅಂದೆ ಬುಡೇನ್‌ಸಾಬರಿಗೆ.
ಬೆಳಗಿನ ನಾಲ್ಕೂಕಾಲು. ಹಳೇ ಪಿ.ಬಿ. ರಸ್ತೆಯಲ್ಲಿ
ಶಟರ್ ಅರ್ಧ ಎತ್ತಿದ ಅಂಗಡಿ ಅದೊಂದೇ.
ಹೊರಗೆ ನನ್ನ ಲಗೇಜ್ ಆಟೋ, ಬೆನ್ನ ಮೇಲೆ
ಭಟ್ಟಿಯಿಂದ ಬಿಸಿಬಿಸಿ ಬಂದ ಮಂಡಕ್ಕಿ, ಇಪ್ಪತ್ತು ಚೀಲ,
ನೋಡಲು ಮನೆಯಷ್ಟು, ತೂಗಿದರೆ ಇಬ್ಬರು ಆಳಷ್ಟು.
ಸೆಲ್ಫ್ ಹೊಡೆದರೆ ಟಕ್. ಅಷ್ಟೇ. ಮತ್ತೆ ಟಕ್.
ಭಟ್ಟಿಯ ಹುಡುಗರಿಬ್ಬರು ಇಲ್ಲಿತನಕ ತಳ್ಳಿ ತಂದು
ಹುಬ್ಬಿನ ಮಸಿ ಒರೆಸುತ್ತ ಕಟ್ಟೆಗೆ ಕೂತಿದ್ದರು.

ಸಾಬರು ಮಾತಾಡಲಿಲ್ಲ. ಬೀಡಿ ಕಿವಿಗೆ ಸಿಕ್ಕಿಸಿಕೊಂಡರು,
ಆಸಿಡ್ ಇದ್ದಲ್ಲಿ ಹಚ್ಚುವುದಿಲ್ಲ, ಮೂವತ್ತು ವರ್ಷದ ಶಪಥ.
ಲೋಡ್ ಟೆಸ್ಟರಿನ ಇಕ್ಕಳ ಎರಡೂ ಕೊಂಬಿಗೆ ಕಚ್ಚಿಸಿದರು.
ಸುರುಳಿ ಕೆಂಪಾಯಿತು. ಮುಳ್ಳು ಕುಸಿಯಿತು,
ಹನ್ನೊಂದು, ಒಂಬತ್ತು, ಏಳು.
ಇಕ್ಕಳ ತೆಗೆದರು. ಹನ್ನೆರಡೂವರೆ!
ಏನೂ ಆಗೇ ಇಲ್ಲವೆಂಬಂತೆ, ಹಲ್ಲು ಕಿರಿದುಕೊಂಡು.

"ಸುಮ್ನೆ ಕುಂತಾಗ ಎಲ್ರೂ ಹನ್ನೆರಡೂವರೆನೇ ತಾಯೀ.
ಕೊಡು ಅನ್ನು, ಆಗ ಗೊತ್ತಾಗ್ತತಿ."

ನಿನ್ನೆ ರಾತ್ರಿ ಮಗಳು ಗೋಡೆಗೊರಗಿ ಉರು ಹೊಡೆಯುತ್ತಿದ್ದಳು,
ವಿದ್ಯುಚ್ಚಾಲಕ ಬಲ, ಕೋಶದ ಆಂತರಿಕ ರೋಧ.
ನನಗೆ ಕೇಳಿದ್ದು ರೋದನ.
"ಒಳಗೊಳಗೇ ಅಳಾದಾ?" ಅಂದೆ.
"ರೋಧ ಅವ್ವಾ, ರೋಧ. ಮಹಾಪ್ರಾಣ" ಅಂತ ನಕ್ಕಳು.
ನಮ್ಮ ಬಾಯಲ್ಲಿ ಮಹಾಪ್ರಾಣ ನಿಂತದ್ದೇ ಯಾವಾಗ?

ಸಾಬರು ಬಿರಡೆ ಬಿಚ್ಚಿ ಟಾರ್ಚ್ ಬಿಟ್ಟರು.
ಸೀಸದ ತಗಡಿನ ಮೇಲೆ ಬೆಳ್ಳಗೆ, ಉಪ್ಪು ಒಡೆದಂಗೆ.
"ಅರೆಹೊಟ್ಟೇಲಿ ಭಾಳ ದಿನ ಇಟ್ಟೀಯ.
ಹುಟ್ಟಾದು ಹುಟ್ತತಿ, ಅದ್ರಾಗೇನು ಕಮ್ಮಿ ಇಲ್ಲ.
ಹೊರಗ ಬರಾಕೆ ಮುಂಚೇನೇ
ತನ್ನ ಮೈ ಕಾಸಾಕೇ ಖರ್ಚು."

ಮದುವೆ ಮನೆಯ ಕುರ್ಚಿಯಲ್ಲಿ ಕೂತರೆ
ಗುತ್ಯಮ್ಮ ಗಟ್ಟಿಗಿತ್ತಿ ಅನ್ನುತ್ತಾರೆ ಜನ. ಹೌದು, ಹನ್ನೆರಡೂವರೆ.
ರಾತ್ರಿ ಹನ್ನೊಂದಕ್ಕೆ ಅತ್ತೆ ಒಂದು ಲೋಟ ನೀರು ಕೇಳಿದರೆ
ಎದ್ದು ಕೊಡುತ್ತೇನೆ. ಕೊಡುವ ದನಿ
ಏಳಕ್ಕೆ ಇಳಿದಿರುತ್ತದೆ. ನೀರಿಗಲ್ಲ ಸಿಟ್ಟು,
ಅತ್ತೆಗೂ ಅಲ್ಲ. ಒಳಗೆಲ್ಲೋ ಬಿಸಿ.
ಮಗಳ ಪುಸ್ತಕದಲ್ಲಿ ಅದಕ್ಕೊಂದು ಸಣ್ಣ ಅಕ್ಷರ ಇದೆಯಂತೆ,
ಕಳೆಯುವ ಚಿಹ್ನೆಯ ಪಕ್ಕಕ್ಕೆ.

ಮೂಲೆಯಿಂದ ಹಳೇದೊಂದು ಎತ್ತಿ ತಂದರು ಸಾಬರು,
ಹೆಸರಿನ ಚೀಟಿ ಕಿತ್ತುಹೋದದ್ದು, ಧೂಳು ಹಿಡಿದದ್ದು.
ಮೀಟರಿನಲ್ಲಿ ಹನ್ನೆರಡೂ ಇಲ್ಲ.
ನಾನು ಮೂತಿ ಸೊಟ್ಟ ಮಾಡಿದೆ.
ಇಕ್ಕಳ ಕಚ್ಚಿಸಿದರು. ಮುಳ್ಳು ಒಂದು ಗೇಣು ಇಳಿಯುವುದೆಂದು ಕಾದೆ.
ಒಂದು ಬೆರಳು ಇಳಿದು ಅಲ್ಲೇ ಕೂತಿತು.

ಸೆಲ್ಫ್ ಹೊಡೆದೆ. ಹೆಡ್‌ಲೈಟು
ಒಂದೇ ಒಂದು ಸಲ ಕಣ್ಣು ಕಿರಿದು ಮಾಡಿ ಅರಳಿತು.
ಗಾಳಿಯಲ್ಲಿ ಹಾರುವ ಮಂಡಕ್ಕಿ ಹೊಟ್ಟೆಲ್ಲ ಕಂಡಿತು.
ಹುಡುಗರು ಹಿಂದಿನಿಂದ ಹತ್ತಿ ಚೀಲದ ಮೇಲೆ ಬಿದ್ದುಕೊಂಡರು.

"ದುಡ್ಡು ಸಂಜೀಕೆ" ಅಂದೆ.
ಸಾಬರು ಆಗಲೇ ಬೀಡಿ ಹಚ್ಚಲು
ರಸ್ತೆ ದಾಟುತ್ತಿದ್ದರು.