ಇಪ್ಪತ್ತೆರಡನೆಯವನ ಹಲ್ಲು

ಡರಮ್ ಊರಿನಲ್ಲಿ ಕಾಫಿ ಅಂಗಡಿಗೆಂದು
ನೆಲ ತೋಡಿದಾಗ ಸಿಕ್ಕವರು ಇವರು.
ನನ್ನ ಪಾಲಿಗೆ ಬಂದವನು ಇಪ್ಪತ್ತೆರಡನೆಯವನು:
ಒಂದು ರಟ್ಟಿನ ಪೆಟ್ಟಿಗೆ, ಬೋಗುಣಿ ತುಂಬ ಉಗುರುಬೆಚ್ಚಗಿನ ನೀರು,
ಪೌಂಡಿಗೆರಡರಂತೆ ತಂದ ಬ್ರಷ್ಷು.

ಮುನ್ನೂರ ಅರವತ್ತು ವರ್ಷದ ಮೇಲೆ
ಹಲ್ಲುಜ್ಜಿಸಿಕೊಳ್ಳುತ್ತಿದ್ದೀಯ, ಮಾರಾಯ,
ತಕರಾರು ಮಾಡಬೇಡ.

ಎಡಗಡೆ ಕೋರೆಯ ಪಕ್ಕ ಅರ್ಧಚಂದ್ರದ ಕಚ್ಚು,
ಮಣ್ಣಿನ ಚಿಲುಮೆ ಕಚ್ಚೀ ಕಚ್ಚೀ ಸವೆದದ್ದು.
ಮೇಲ್ಪದರದಲ್ಲಿ ಮೂರು ಅಡ್ಡಗೆರೆ.
"ನಾಲ್ಕನೆಯ ವಯಸ್ಸಿನ ಹಸಿವು" ಎಂದಳು ರೋವೆನಾ,
ತಲೆಯೆತ್ತದೆ.
ಬುದ್ಧಿಹಲ್ಲು ಇನ್ನೂ ದವಡೆಯೊಳಗೇ ಇತ್ತು.
ಹಲ್ಲಿದ್ದವನಿಗೆ ಕಡಲೆಯಿಲ್ಲ ಅನ್ನುತ್ತಿದ್ದಳು ನನ್ನಜ್ಜಿ,
ಯಾರ ಮೇಲೋ ಸಿಟ್ಟಾದಾಗ.

ಡನ್‌ಬಾರ್‌ನಲ್ಲಿ ಸೋತದ್ದು ಒಂದೆರಡು ತಾಸಿನಲ್ಲಿ.
ಆಮೇಲೆ ನಡೆಸಿದರು, ದಿನಗಟ್ಟಲೆ.
ದಾರಿಯ ತೋಟದಲ್ಲಿ ಹಸಿ ಎಲೆಕೋಸನ್ನು
ಬೇರುಮಣ್ಣು ಸಮೇತ ತಿಂದು ಹೊಟ್ಟೆ ಹರಿದವರನ್ನು
ದೇವರ ಮನೆಗೇ ಕೂಡಿದರು, ಸಾವಿರಗಟ್ಟಲೆ.
ಮೊನ್ನೆಯವರೆಗೆ ಒಬ್ಬನೇ ರಾಜ, ಈಗಲೂ ಒಂದೇ ಬೈಬಲ್ಲು,
ಪ್ರಾರ್ಥಿಸುವ ಬಗೆ ಮಾತ್ರ ಬೇರೆ.

ಕಾವಲಿನ ಅಧಿಕಾರಿ ರಾಜಧಾನಿಗೆ ಬರೆದ ಓಲೆ ಉಳಿದಿದೆ.
ಗಂಜಿ ಕೊಟ್ಟೆವು, ಮಾಂಸದ ಸಾರು ಕೊಟ್ಟೆವು,
ದಿನಕ್ಕಿಷ್ಟು ಬುಟ್ಟಿ ಕಲ್ಲಿದ್ದಲು ಕೊಟ್ಟೆವು,
ಆದರೂ ಸಾಯುತ್ತಾರೆ, ಏನು ಮಾಡುವುದು.
ಕಲ್ಲಿದ್ದಲು ಸಿಕ್ಕಿದ್ದರೆ
ಬೆಂಚು, ತಡಿಕೆ, ಮರದ ಕೆತ್ತನೆಯನ್ನೆಲ್ಲ ಯಾಕೆ ಸುಟ್ಟರೋ,
ಅದಕ್ಕೆ ಓಲೆಯಲ್ಲಿ ಜಾಗ ಸಾಲಲಿಲ್ಲ.
ಗಡಿಯಾರವೊಂದನ್ನು ಮುಟ್ಟಲಿಲ್ಲವಂತೆ.
ಅದರ ನೆತ್ತಿಯಲ್ಲಿ ಅವರ ನಾಡಿನ ಮುಳ್ಳುಹೂವು,
ಚಳಿಗೆ ನಡುಗುವ ಕೈ ಅಲ್ಲಿಗೆ ಬಂದು ನಿಂತಿತಂತೆ.
ಕಟ್ಟುಕತೆ ಇರಬಹುದು.
ಇರಲಿ ಬಿಡು, ಇದೊಂದು ನಿಜವಾಗಲಿ.

ಮತ್ತೆ ಮಣ್ಣಿಗಿಟ್ಟ ದಿನ ಫೈಫ್‌ನಿಂದ ಬಂದ ಮುದುಕಿ,
ಎಲ್ಸ್‌ಪೆತ್ ಗಿಲ್‌ಕ್ರಿಸ್ಟ್,
ಬಿಸ್ಕತ್ತಿನ ಡಬ್ಬಿಯಲ್ಲಿ ಊರ ಮಣ್ಣು ತಂದಿದ್ದಳು.
"ನಮ್ಮ ಕಡೆಯವನಿರಬಹುದು, ಇಲ್ಲದೆಯೂ ಇರಬಹುದು" ಎಂದು
ಮುಚ್ಚಳ ತೆಗೆಯಲಾರದೆ ನನ್ನ ಕೈಗೆ ಕೊಟ್ಟಳು.
ಎಳ್ಳುನೀರಿಗಾದರೆ ಹೆಸರು ಬೇಕು, ಗೋತ್ರ ಬೇಕು.
ಅವಳ ಹಿಡಿಮಣ್ಣು ಏನೂ ಕೇಳಲಿಲ್ಲ.

ಕಾಫಿ ಅಂಗಡಿ ಚೆನ್ನಾಗಿ ನಡೆಯುತ್ತಿದೆ.
ಗೋಡೆಯಡಿ ಇನ್ನೂ ಇದ್ದಾರೆ, ಅಗೆದರೆ ಕಟ್ಟಡ ಕುಸಿದೀತು.
ಬನ್ನು ಗಟ್ಟಿಯಾಗಿದೆ ಎಂದು ಯಾರೋ
ಮಾಣಿಯ ಮೇಲೆ ರೇಗುತ್ತಿದ್ದರು.
ನಾನು ನನ್ನದನ್ನು ಚಹಾದಲ್ಲಿ ಅದ್ದದೆ,
ಎಡಗಡೆಯ ಹಲ್ಲಿನಲ್ಲಿ, ನಿಧಾನವಾಗಿ ತಿಂದೆ.