ಏಳು ಟನ್ನು

ಸೇತುವೆಯ ಹಣೆಗೆ ಹೊಡೆದ ತಗಡಿನಲ್ಲಿ ಇದ್ದದ್ದು ಇಷ್ಟೇ:
ಏಳು ಟನ್ನು.
ಖಾಲಿ ಬಸ್ಸು ಆರೂಕಾಲು.
ಉಳಿದ ಮುಕ್ಕಾಲರಲ್ಲಿ ಇಪ್ಪತ್ತಾರು ಮಕ್ಕಳು,
ನಮ್ಮ ಬೂಟು, ಊಟದ ಡಬ್ಬಿ, ಲೈಲ್ ಥಾರ್ಸನ್ನನ ಟ್ಯೂಬಾ
ಹಿಡಿಸುವುದಿಲ್ಲವೆಂದು
ಕೌಂಟಿಯವರು ಲೆಕ್ಕ ಹಾಕಿದ್ದರು.

ಹಾಗಾಗಿ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ, ಗೂಸ್ ಕ್ರೀಕಿನ ದಡದಲ್ಲಿ,
ಆರ್ಡಿಸ್ ಕ್ವಾಮ್ ಬ್ರೇಕು ಒತ್ತುತ್ತಿದ್ದಳು.
"ಇಳೀರಿ. ಓಡಬೇಡಿ. ಕೆಳಗೆ ನೋಡಬೇಡಿ."
ಓಡುತ್ತಿದ್ದೆವು. ನೋಡುತ್ತಿದ್ದೆವು.
ಹಲಗೆ ಹಲಗೆಯ ಸಂದಿನಲ್ಲಿ ಹೊಳೆ,
ಹೊಳೆಯಲ್ಲಿ ಚೂರು ಚೂರು ಬೆಳಕು,
ಒಮ್ಮೆ ಯಾರದೋ ಸತ್ತ ಹಂದಿ
ಅಂಗಾತ ತೇಲುತ್ತ, ಯಾವ ಅವಸರವೂ ಇಲ್ಲದೆ,
ನಮ್ಮ ಕಾಲ ಕೆಳಗೆ ಹಾದುಹೋಯಿತು.

ಕಬ್ಬಿಣದ ಕಡಲೆ ಅನ್ನುತ್ತಾರಲ್ಲ, ನಾನು ಕಂಡದ್ದು ಅಲ್ಲಿ:
ಕಂಬ ಕಂಬಕ್ಕೂ ರಿವೆಟ್ಟಿನ ಸಾಲು.
ಎಣಿಸಿ ಎಣಿಸಿಯೇ ಮಗ್ಗಿ ಬಂತು ನನಗೆ.
ಎಂಟೆಂಟ್ಲ ಅರವತ್ತನಾಲ್ಕರ ಜಾಗದಲ್ಲಿ ಒಂದು ಉದುರಿತ್ತು;
ತೂತಿಗೆ ಕಣ್ಣಿಟ್ಟರೆ
ಕಾಸಿನಗಲ ಜೋಳದ ಹೊಲ.

ನಾವು ಆಚೆ. ಬಸ್ಸು ಈಚೆ.
ಆಗ ಮಾತ್ರ ಎಲ್ಲರೂ ಸುಮ್ಮನೆ.
ನಡಿಗೆ ಕಲಿಯುವ ಕೂಸಿನ ಹಾಗೆ
ಹಳದಿ ಬಸ್ಸು ಒಂದೊಂದೇ ಹಲಗೆ ತುಳಿಯುವುದು,
ಧಡಲ್, ಧಡಲ್,
ಮೇಲೆ ತ್ರಿಕೋನಕ್ಕೆ ತ್ರಿಕೋನ ಭಾರ ದಾಟಿಸುತ್ತ
ಹಲ್ಲು ಕಚ್ಚಿ ನರಳುವುದು.

ನವೆಂಬರಿನ ಒಂದು ದಿನ ಮಂಜು.
ಬಸ್ಸು ಕಾಣದು, ಕಂಬ ಕಾಣದು, ಸದ್ದು ಮಾತ್ರ.
ಒಂದನೇ ಕ್ಲಾಸಿನ ಬಿರ್ಗಿಟ್ ನನ್ನ ತೋಳು ಎಳೆದಳು:
"ಮತ್ತೆ ಆರ್ಡಿಸ್?
ಅವಳು ಯಾಕೆ ಇಳಿಯಲ್ಲ?"

ಯಾರಿಗೂ ಹೊಳೆದಿರಲಿಲ್ಲ.
ಖಾಲಿ ಬಸ್ಸೆಂದರೆ ಅವಳೂ ಸೇರಿ.
ಎಂಜಿನ್ನು, ಗಾಲಿ, ಸ್ಟೇರಿಂಗು, ಆರ್ಡಿಸ್.

ನಡುವೆಲ್ಲೋ ಸದ್ದು ನಿಂತಿತು.
(ಒರೆಸುಕಡ್ಡಿ ಸಿಕ್ಕಿಕೊಂಡಿತ್ತಂತೆ, ಆಮೇಲೆ ಗೊತ್ತಾಯಿತು.)
ಇಪ್ಪತ್ತಾರು ಬಾಯಿಂದ ಹೊಗೆ ಬರುವುದೂ ನಿಂತಿತು.
ಧಡಲ್.
ಮಂಜಿನಿಂದ ಮೊದಲು ಎರಡು ದೀಪ, ಆಮೇಲೆ ಹಳದಿ,
ಆಮೇಲೆ ಅವಳ ಕೆಂಪು ಸ್ಕಾರ್ಫು.

ಅಂದು ಯಾರೂ ನೂಕಾಡದೆ ಹತ್ತಿದೆವು.
ಯಾರಿಗೂ ನಮಸ್ಕಾರ ಹೇಳದ ಲೈಲ್ "ಗುಡ್ ಮಾರ್ನಿಂಗ್" ಅಂದ.
ಬಿರ್ಗಿಟ್ ಅರ್ಧ ಸೇಬು ಕೊಟ್ಟಳು, ಕಚ್ಚಿದ ಅರ್ಧ.
ಆರ್ಡಿಸ್ ಕನ್ನಡಿಯಲ್ಲಿ ಹುಬ್ಬೇರಿಸಿ ನಮ್ಮನ್ನೇ ನೋಡಿದಳು:
"ಏನು ಒಡೆದು ಬಂದಿದೀರಿ? ಹೇಳಿಬಿಡಿ."

ಈಗ ಹೊಳೆಗೆ ಕಾಂಕ್ರೀಟು ಹಾಸಿದೆ,
ದಾಟಿದ್ದೇ ಗೊತ್ತಾಗುವುದಿಲ್ಲ.
ಹಳೆಯದನ್ನು ಒಂದು ಡಾಲರಿಗೆ ಕೊಂಡು, ಬಿಚ್ಚಿ,
ಪಟ್ಟಣದ ಪಾರ್ಕಿನ ಕೊಳಕ್ಕೆ ಜೋಡಿಸಿದ್ದಾರೆ.
ಹಸಿರು ಬಣ್ಣ ಬಳಿದಿದ್ದಾರೆ, ಮದುವೆಯ ಫೋಟೋಗೆ ಚೆಂದ.
ಅರವತ್ತನಾಲ್ಕನೆಯ ತೂತು ಹಾಗೇ ಇದೆ,
ಅದರಲ್ಲಿ ಕಾರ್ ಪಾರ್ಕಿಂಗು.

ಸಂಜೆ ನಾಯಿಯೊಂದಿಗೆ ದಾಟುತ್ತೇನೆ.
ಆಚೆ ತಲುಪಿದ ಮೇಲೆ ಅಭ್ಯಾಸಬಲ,
ತಿರುಗಿ ನಿಲ್ಲುತ್ತೇನೆ.
ಇನ್ನೂ ಒಬ್ಬರು ಬರಬೇಕಲ್ಲ.
ನಾಯಿ ಹಗ್ಗ ಜಗ್ಗುತ್ತದೆ.