ಸೀಳು

ಕಟ್ಟಿನಕೆರೆ ಮಾರ್ಕೆಟ್ಟಿನ ಮೂಲೆಯಲ್ಲಿ
ಮಣ್ಣಿನ ಹುಂಡಿ ಮಾರುವ ಕೆಂಚಮ್ಮಜ್ಜಿಗೆ ಫೋನು:
‘ಮಿಲಿಟರಿ ಕ್ಯಾಂಟೀನಿಗೆ ಅರವತ್ತು ಹುಂಡಿ ಬೇಕು.
ದುಡ್ಡು ಈಗಲೇ ಹಾಕ್ತೀನಿ,
ನೀವು ಪಿನ್ ಒತ್ತಿ, ಅಷ್ಟೆ.’

ಅಜ್ಜಿ ಒಂದು ಹುಂಡಿ ಎತ್ತಿ
ಬೆರಳಲ್ಲಿ ಅದರ ಸೀಳು ಸವರಿದಳು.
‘ಹಾಕೋನಿಗೆ ಇಷ್ಟು ಸಂದು ಸಾಕಲ್ಲಪ್ಪ,
ಒಡೆಯೋ ಮಾತು ಯಾಕೆ?’

ಆ ಕಡೆ ಬೈಗುಳ. ಆಮೇಲೆ ಏನೂ ಇಲ್ಲ.
ಅವಳು ಎಲೆಗೆ ಸುಣ್ಣ ಹಚ್ಚತೊಡಗಿದಳು.

ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ನಾನು
ತಲೆ ಎತ್ತಲಿಲ್ಲ.
ಹೋದ ತಿಂಗಳು ಇದೇ ಸೈನಿಕ
ನನ್ನ ಹತ್ತಿರ ಎರಡು ಮೂಟೆ ಕೇಳಿದ್ದ.
ಹನ್ನೊಂದು ಸಾವಿರದ ಇನ್ನೂರು.
ಮನೆಯಲ್ಲಿ ಇನ್ನೂ
ವ್ಯಾಪಾರ ಡಲ್ಲು ಅಂತಲೇ ಹೇಳುತ್ತಿದ್ದೇನೆ.

ಸಂಜೆ ಟಾರ್ಪಾಲು ಮಡಚುವಾಗ ಬಾಯಿಬಿಟ್ಟೆ.
ಅಜ್ಜಿ ನಗಲಿಲ್ಲ.
ಹುಂಡಿಯೊಂದನ್ನು ಬೋರಲು ಹಾಕಿ
ತಳದಲ್ಲಿ ಸೀಮೆಸುಣ್ಣದಿಂದ ಬರೆದಿದ್ದು ತೋರಿಸಿದಳು:
೧೯೩೦.
‘ಅವತ್ತೇ ಮಾಡಬೇಕಿತ್ತು ಫೋನು.
ಇವತ್ತಾದ್ರೂ ಮಾಡು.’